ವಿಂಡೋಸ್ ಕಮಾಂಡ್ ಪ್ರಾಂಪ್ಟಿನಿಂದಲೇ ಯುನಿಕ್ಸ್ ಟರ್ಮಿನಲ್ ತೆರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕಮಾಂಡ್ ಪ್ರಾಂಪ್ಟಿನಲ್ಲಿ ಕೆಲಸ ನಡೆದಿರುವಾಗ ಬ್ಯಾಶ್ ಎಂಬ ಯುನಿಕ್ಸ್ ಶೆಲ್ (ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಮ್) ಬೇಕೆನಿಸಿದರೆ ಮೌಸ್ ಹಿಡಿದು ಸ್ಟಾರ್ಟ್ ಮೆನು ತಡಕಾಡಬೇಕಿಲ್ಲ. ಒಂದೇ ಸಾಲಿನ ಕಮಾಂಡಿನಿಂದ, ಈಗ ನೀವಿರುವ ಫೋಲ್ಡರಿನಲ್ಲೇ, ಬೇಕಾದ ಅಳತೆಯ ಯುನಿಕ್ಸ್ ಟರ್ಮಿನಲ್ ವಿಂಡೋ ತೆರೆಯಬಹುದು. ಆದರೆ ಆ ಒಂದು ಸಾಲಿನಲ್ಲಿ ಎಡವುವವರು ಬಹಳ. ವಿಂಡೋ ಮಿಂಚಿ ಮಾಯವಾಗುತ್ತದೆ, ಇಲ್ಲವೇ ಎಲ್ಲಿಯೋ ಬೇರೆ ಫೋಲ್ಡರಿನಲ್ಲಿ ತೆರೆದುಕೊಳ್ಳುತ್ತದೆ, ಇಲ್ಲವೇ ಫೈಲ್ ಪಟ್ಟಿ ಮಾಡುವ ಎಲ್‌ಎಸ್ ಎಂಬ ಸಾದಾ ಕಮಾಂಡೂ ಸಿಗುತ್ತಿಲ್ಲ ಎನ್ನುತ್ತದೆ. ಮೂರು ತೊಂದರೆಗೂ ಬೇರು ಒಂದೇ: ಕಣ್ಣಿಗೆ ಕಾಣುವ ವಿಂಡೋ, ಅದರೊಳಗೆ ಓಡುವ ಶೆಲ್, ಆ ಶೆಲ್ಲಿಗೆ ಸಿಕ್ಕ ಎನ್ವಿರಾನ್ಮೆಂಟ್ (ಅದಕ್ಕೆ ದಾಟಿಸಿದ ವೇರಿಯಬಲ್ಲುಗಳ ಕಂತೆ) ಇವು ಮೂರೂ ಬೇರೆ ಬೇರೆ. ಮೂರನ್ನೂ ನೀವೇ ಹೇಳಿ ಕೊಡಬೇಕು. ಹೇಳದೆ ಬಿಟ್ಟದ್ದನ್ನು ವಿಂಡೋಸ್ ತನಗೆ ತೋಚಿದಂತೆ ತುಂಬುತ್ತದೆ.

ಟೈಪ್ ಮಾಡುವ ಬಗ್ಗೆ ಒಂದು ಸೂಚನೆ. ಇಲ್ಲಿ ಕಮಾಂಡುಗಳನ್ನು ಬಾಯಲ್ಲಿ ಹೇಳುವಂತೆ ಕನ್ನಡ ಲಿಪಿಯಲ್ಲೇ ಬರೆದಿದೆ. ಕೀಬೋರ್ಡಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ದೊಡ್ಡಕ್ಷರ ಎಂದು ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ. ಹೈಫನ್, ಓರೆಗೆರೆ, ಉದ್ಧರಣ ಚಿಹ್ನೆ, ಖಾಲಿ ಜಾಗ ಇವೆಲ್ಲ ಇಲ್ಲಿ ಇರುವಂತೆಯೇ ಇರಲಿ. ವರ್ಡ್ ಪ್ರೊಸೆಸರಿನಲ್ಲಿ ಬರೆದಿಟ್ಟುಕೊಂಡು ನಕಲು ಮಾಡಬೇಡಿ: ಅದು ಹೈಫನನ್ನು ಉದ್ದ ಗೆರೆಯಾಗಿ, ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸಿಬಿಡುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯದು, ಕಮಾಂಡ್ ಮಾತ್ರ ಓಡದು.

ಮೊದಲು ಏನಿದೆ, ಎಲ್ಲಿದೆ ನೋಡಿ

ವಿಂಡೋಸ್ ಮೇಲೆ ಯುನಿಕ್ಸ್ ಶೆಲ್ ಕೊಡುವ ಮುಖ್ಯ ದಾರಿಗಳು ನಾಲ್ಕು. ಸಿಗ್ವಿನ್ ಎಲ್ಲಕ್ಕಿಂತ ಹಳೆಯದು. 1995ರಲ್ಲಿ ಸಿಗ್ನಸ್ ಸಲ್ಯೂಷನ್ಸ್ ಕಂಪನಿಯಲ್ಲಿ ಶುರುವಾಯಿತು. ಯುನಿಕ್ಸ್ ಕರೆಗಳನ್ನು ವಿಂಡೋಸ್ ಕರೆಗಳಾಗಿ ಮಾರ್ಪಡಿಸುವ ಒಂದು ಡಿಎಲ್‌ಎಲ್ ಫೈಲ್ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡ್) ಅದರ ಜೀವಾಳ. ಎಂಎಸ್‌ವೈಎಸ್2 ಸಿಗ್ವಿನ್ನಿನ ಕವಲು. ಗಿಟ್ ಫಾರ್ ವಿಂಡೋಸ್ ಜೊತೆ ಬರುವ ಗಿಟ್ ಬ್ಯಾಶ್ ಈ ಎಂಎಸ್‌ವೈಎಸ್2ರ ಚಿಕ್ಕ ರೂಪ. ಡಬ್ಲ್ಯುಎಸ್‌ಎಲ್ (ವಿಂಡೋಸ್ ಸಬ್‌ಸಿಸ್ಟಮ್ ಫಾರ್ ಲಿನಕ್ಸ್) ಮಾತ್ರ ಬೇರೆಯದೇ ಜಾತಿ: 2016ರಲ್ಲಿ ವಿಂಡೋಸ್ 10ಕ್ಕೆ ಸೇರಿತು, ಅದರ ಎರಡನೇ ಆವೃತ್ತಿ ನಿಜವಾದ ಲಿನಕ್ಸ್ ಕರ್ನಲ್ಲನ್ನೇ ಓಡಿಸುತ್ತದೆ.

ಇನ್‌ಸ್ಟಾಲ್ ಮಾಡುವಾಗ ಏನೂ ಬದಲಿಸದಿದ್ದರೆ ಅವು ಕೂರುವ ಜಾಗ ಹೀಗೆ:

ಸಿ:\ಸಿಗ್ವಿನ್64
ಸಿ:\ಎಂಎಸ್‌ವೈಎಸ್64
ಸಿ:\ಪ್ರೋಗ್ರಾಮ್ ಫೈಲ್ಸ್\ಗಿಟ್

ಸಿಗ್ವಿನ್ ಎಂಬುದರ ಅಕ್ಷರಗಳು ಸಿ, ವೈ, ಜಿ, ಡಬ್ಲ್ಯು, ಐ, ಎನ್. ಅದರ ಟರ್ಮಿನಲ್ಲಿನ ಹೆಸರು ಮಿಂಟಿ: ಎಂ, ಐ, ಎನ್, ಟಿ, ಟಿ, ವೈ. ಟಿ ಎರಡು ಸಲ ಬರುತ್ತದೆ ಎಂಬುದನ್ನು ಮರೆಯಬೇಡಿ. ಫೈಲ್ ಎಲ್ಲಿದೆ ಎಂದು ಖಾತ್ರಿಯಿಲ್ಲದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲೇ ಹುಡುಕಬಹುದು:

ವೇರ್ /ಆರ್ ಸಿ:\ಸಿಗ್ವಿನ್64 ಮಿಂಟಿ.ಇಎಕ್ಸ್ಇ

ಇದೇ ಹೊತ್ತಿನಲ್ಲಿ "ವೇರ್ ಬ್ಯಾಶ್" ಎಂದೂ ಒಮ್ಮೆ ಓಡಿಸಿ. ಡಬ್ಲ್ಯುಎಸ್‌ಎಲ್ ಇರುವ ಯಂತ್ರದಲ್ಲಿ ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿನಲ್ಲೂ ಒಂದು ಬ್ಯಾಶ್ ಇರಬಹುದು, ಪಾತ್ ಪಟ್ಟಿಯಲ್ಲಿ (ಪ್ರೋಗ್ರಾಮುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಆ ಫೋಲ್ಡರ್ ಸಾಮಾನ್ಯವಾಗಿ ಎಲ್ಲಕ್ಕಿಂತ ಮುಂದೆ ನಿಂತಿರುತ್ತದೆ. ಹಾಗಾಗಿ ಬರೀ "ಬ್ಯಾಶ್" ಎಂದು ಒತ್ತಿದವರಿಗೆ ಗಿಟ್ ಬ್ಯಾಶ್ ಬದಲು ಡಬ್ಲ್ಯುಎಸ್‌ಎಲ್‌ನ ಉಬುಂಟು ಲಿನಕ್ಸ್ ಎದುರಾಗುತ್ತದೆ. ವೇರ್ ಕೊಟ್ಟ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿರುವುದೇ ಓಡುವುದು. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಎಲ್ಲ ಕಡೆ ಪೂರ್ತಿ ಪಾತ್ (ಫೈಲಿನ ಪೂರ್ಣ ವಿಳಾಸ) ಕೊಟ್ಟಿದೆ. ಉದ್ದವಾದರೂ ಅದೇ ಸುರಕ್ಷಿತ.

"ಸಿಗ್ವಿನ್ನಿನ ಬಿನ್ ಫೋಲ್ಡರನ್ನೇ ವಿಂಡೋಸ್ ಪಾತಿಗೆ ಸೇರಿಸಿಬಿಟ್ಟರೆ?" ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ಪಟ್ಟಿಯ ಮುಂದೆ ಸೇರಿಸಬೇಡಿ. ಫೈಂಡ್, ಸಾರ್ಟ್ ಎಂಬ ಹೆಸರಿನ ಪ್ರೋಗ್ರಾಮುಗಳು ವಿಂಡೋಸಿನಲ್ಲೂ ಇವೆ, ಯುನಿಕ್ಸಿನಲ್ಲೂ ಇವೆ, ಕೆಲಸ ಮಾತ್ರ ಬೇರೆ. ವಿಂಡೋಸಿನ ಫೈಂಡನ್ನು ನಂಬಿ ಬರೆದ ಹಳೆಯ ಬ್ಯಾಚ್ ಫೈಲುಗಳು (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲುಗಳು) ಅಂದಿನಿಂದ ಅರ್ಥವಾಗದ ಎರರ್ ಕೊಡತೊಡಗುತ್ತವೆ. ಸೇರಿಸಲೇಬೇಕಿದ್ದರೆ ಪಟ್ಟಿಯ ಕೊನೆಗೆ ಸೇರಿಸಿ, ಅದೂ ಸೆಟ್‌ಎಕ್ಸ್ ಕಮಾಂಡಿನಿಂದ ಬೇಡ. ಅದು 1024 ಅಕ್ಷರ ದಾಟಿದ ಪಾತನ್ನು ಕತ್ತರಿಸಿ ಉಳಿಸುತ್ತದೆ, ಕಳೆದುಹೋದ ತುಂಡು ಮತ್ತೆ ಸಿಗುವುದಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್ ಒಳಗಿನ ಎನ್ವಿರಾನ್ಮೆಂಟ್ ವೇರಿಯಬಲ್ಸ್ ಕಿಟಕಿಯಿಂದಲೇ ಬದಲಿಸಿ. ಬದಲಿಸಿದ ಮೇಲೆ ಹೊಸ ಕಮಾಂಡ್ ಪ್ರಾಂಪ್ಟ್ ತೆರೆಯಿರಿ; ಆಗಲೇ ತೆರೆದಿದ್ದ ಪ್ರಾಂಪ್ಟಿಗೆ ಹೊಸ ಪಾತ್ ಕಾಣುವುದಿಲ್ಲ.

ಮಿಂಟಿ ತೆರೆಯುವ ಸಾಲು, ಕೊನೆಯ ಹೈಫನ್ ಸಮೇತ

ಸಿಗ್ವಿನ್ ಇರುವವರಿಗೆ ಮೂಲ ಕಮಾಂಡ್ ಇಷ್ಟೇ:

ಸಿ:\ಸಿಗ್ವಿನ್64\ಬಿನ್\ಮಿಂಟಿ -

ಇಎಕ್ಸ್ಇ ಎಂಬ ಬಾಲ ಬೇಕಾಗಿಲ್ಲ, ವಿಂಡೋಸ್ ತಾನೇ ಸೇರಿಸಿಕೊಳ್ಳುತ್ತದೆ. ಆದರೆ ಕೊನೆಯಲ್ಲಿ ಒಂಟಿಯಾಗಿ ನಿಂತಿರುವ ಹೈಫನ್ ಬೇಕೇ ಬೇಕು. ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಜನ ಬಿಟ್ಟುಬಿಡುವ ಗುರುತು ಅದೇ.

ಆ ಹೈಫನ್ನಿನ ಅರ್ಥ "ನನ್ನ ಶೆಲ್ಲನ್ನು ಲಾಗಿನ್ ಶೆಲ್ ಆಗಿ ಶುರು ಮಾಡು" ಎಂದು. ಲಾಗಿನ್ ಶೆಲ್ ಆಗಿ ಶುರುವಾದ ಬ್ಯಾಶ್ ಮೊದಲು /ಇಟಿಸಿ/ಪ್ರೊಫೈಲ್ ಫೈಲನ್ನು ಓದುತ್ತದೆ. ಪಾತ್ ಪಟ್ಟಿಯ ಮುಂದೆ /ಯುಎಸ್ಆರ್/ಲೋಕಲ್/ಬಿನ್, /ಯುಎಸ್ಆರ್/ಬಿನ್ ಸೇರಿಸುವುದು ಆ ಫೈಲು. ಹೈಫನ್ ಇಲ್ಲದೆ ಶುರುವಾದ ಬ್ಯಾಶ್ ಅದನ್ನು ಓದದು. ಕಮಾಂಡ್ ಪ್ರಾಂಪ್ಟಿನಿಂದ ಬಂದ ವಿಂಡೋಸ್ ಪಾತೊಂದೇ ಅದರ ಕೈಲಿರುತ್ತದೆ. ಆಗ ವಿಂಡೋ ಚೆನ್ನಾಗಿಯೇ ತೆರೆಯುತ್ತದೆ, ಪ್ರಾಂಪ್ಟೂ ಬರುತ್ತದೆ. ಎಲ್‌ಎಸ್ ಎಂದು ಒತ್ತಿ ಎಂಟರ್ ಹೊಡೆದರೆ ಮಾತ್ರ ಹೀಗೆ ಬರುತ್ತದೆ:

ಬ್ಯಾಶ್: ಎಲ್‌ಎಸ್: ಕಮಾಂಡ್ ನಾಟ್ ಫೌಂಡ್

ಆದರೆ ಸಿಡಿ, ಎಕೋ, ಪಿಡಬ್ಲ್ಯುಡಿ ಕೆಲಸ ಮಾಡುತ್ತವೆ, ಏಕೆಂದರೆ ಅವು ಬ್ಯಾಶ್ ಒಳಗೇ ಇರುವ ಕಮಾಂಡುಗಳು. ಸಿಡಿ ಓಡಿ ಎಲ್‌ಎಸ್ ಓಡದಿದ್ದರೆ ಸಿಗ್ವಿನ್ ಕೆಟ್ಟಿದೆ ಎಂದು ಮರು ಇನ್‌ಸ್ಟಾಲ್ ಮಾಡಲು ಹೊರಡಬೇಡಿ. ಲಾಗಿನ್ ಶೆಲ್ ಆಗಿಲ್ಲ, ಅಷ್ಟೇ.

ಮಿಂಟಿ ವಿಂಡೋದ ನೋಟವನ್ನು ಇದೇ ಸಾಲಿನಲ್ಲಿ ಹೇಳಬಹುದು. ಆಯ್ಕೆಗಳೆಲ್ಲ ಕೊನೆಯ ಹೈಫನ್ನಿಗಿಂತ ಮೊದಲು ಬರಬೇಕು:

ಸಿ:\ಸಿಗ್ವಿನ್64\ಬಿನ್\ಮಿಂಟಿ -ಎಸ್ 120,40 -ಪಿ 0,0 -ಟಿ "ಲಾಗ್ ನೋಟ" -

ಎಸ್ ಎಂದರೆ ಅಳತೆ: 120 ಅಕ್ಷರ ಅಗಲ, 40 ಸಾಲು ಎತ್ತರ. ಪಿ ಎಂದರೆ ಪರದೆಯ ಮೇಲೆ ಎಲ್ಲಿ ಕೂರಬೇಕು ಎಂಬುದು, ಪಿಕ್ಸೆಲ್ ಲೆಕ್ಕದಲ್ಲಿ. ಟಿ ಶೀರ್ಷಿಕೆ. ಪರದೆ ತುಂಬ ಬೇಕಿದ್ದರೆ "-ಡಬ್ಲ್ಯು ಮ್ಯಾಕ್ಸ್". ಫಾಂಟ್, ಬಣ್ಣಗಳಂಥ ಶಾಶ್ವತ ಬದಲಾವಣೆಗಳನ್ನು ಕಮಾಂಡಿನಲ್ಲಿ ತುರುಕುವುದಕ್ಕಿಂತ ವಿಂಡೋದ ಶೀರ್ಷಿಕೆ ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ, ಆಪ್ಷನ್ಸ್ ಒಳಗೆ ಒಮ್ಮೆ ಸೇವ್ ಮಾಡಿಬಿಡಿ. ಹೋಮ್ ಫೋಲ್ಡರಿನ .ಮಿಂಟಿಆರ್‌ಸಿ ಫೈಲಿನಲ್ಲಿ ಅದು ಉಳಿಯುತ್ತದೆ.

ಸ್ಟಾರ್ಟ್ ಕಮಾಂಡ್: ಖಾಲಿ ಉದ್ಧರಣ ಯಾಕೆ

ಮಿಂಟಿ ವಿಂಡೋಸ್ ಲೆಕ್ಕದಲ್ಲಿ ಗ್ರಾಫಿಕಲ್ ಪ್ರೋಗ್ರಾಮ್. ಅಂಥದ್ದನ್ನು ಪ್ರಾಂಪ್ಟಿನಲ್ಲಿ ನೇರವಾಗಿ ಒತ್ತಿದರೆ ಕಮಾಂಡ್ ಪ್ರಾಂಪ್ಟ್ ಅದು ಮುಗಿಯುವವರೆಗೆ ಕಾಯುವುದಿಲ್ಲ. ಅದೇ ಸಾಲು ಬ್ಯಾಚ್ ಫೈಲಿನೊಳಗಿದ್ದರೆ ಕಾಯುತ್ತದೆ. ಪ್ರಾಂಪ್ಟಿನಲ್ಲಿ ಸರಿಯಾಗಿದ್ದ ಕಮಾಂಡ್ ಬ್ಯಾಚ್ ಫೈಲಿಗೆ ಹಾಕಿದ ಕೂಡಲೇ ಸಿಕ್ಕಿಹಾಕಿಕೊಳ್ಳುವುದು ಇದಕ್ಕೇ. ಪರಿಹಾರ ಸ್ಟಾರ್ಟ್:

ಸ್ಟಾರ್ಟ್ "" ಸಿ:\ಸಿಗ್ವಿನ್64\ಬಿನ್\ಮಿಂಟಿ -

ನಡುವಿನ ಎರಡು ಖಾಲಿ ಉದ್ಧರಣ ಚಿಹ್ನೆಗಳು ಅಲಂಕಾರವಲ್ಲ. ಉದ್ಧರಣದೊಳಗೆ ಮೊದಲು ಬಂದದ್ದನ್ನು ಸ್ಟಾರ್ಟ್ ವಿಂಡೋದ ಶೀರ್ಷಿಕೆ ಎಂದುಕೊಳ್ಳುತ್ತದೆ. ಪ್ರೋಗ್ರಾಮ್ ಫೈಲ್ಸ್ ಎಂಬ ಹೆಸರಿನ ನಡುವೆ ಖಾಲಿ ಜಾಗ ಇರುವುದರಿಂದ ಅಲ್ಲಿನ ಪಾತನ್ನು ಉದ್ಧರಣದಲ್ಲಿ ಕೊಡಲೇಬೇಕು. ಶೀರ್ಷಿಕೆಯ ಜಾಗವನ್ನು ಖಾಲಿ ಉದ್ಧರಣದಿಂದ ತುಂಬದಿದ್ದರೆ ಗಿಟ್ ಬ್ಯಾಶ್ ತೆರೆಯುವ ಬದಲು, ಆ ಪಾತನ್ನೇ ಶೀರ್ಷಿಕೆಯಾಗಿ ಹೊತ್ತ ಇನ್ನೊಂದು ಕಪ್ಪು ಕಮಾಂಡ್ ಪ್ರಾಂಪ್ಟ್ ತೆರೆದು ನಿಲ್ಲುತ್ತದೆ. ಎರರ್ ಸಂದೇಶವೂ ಬರುವುದಿಲ್ಲ.

ಬ್ಯಾಚ್ ಫೈಲ್ ನಿಜವಾಗಿಯೂ ಕಾಯಬೇಕು ಎಂದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ: ಸ್ಟಾರ್ಟ್ "" /ವೇಟ್ ಎಂದು ಶುರು ಮಾಡಿ. ಬೇರೆ ಫೋಲ್ಡರಿನಿಂದ ಶುರುವಾಗಬೇಕಿದ್ದರೆ /ಡಿ ಎಂದು ಬರೆದು ಅದರ ಮುಂದೆ ಫೋಲ್ಡರಿನ ಪಾತ್ ಕೊಡಿ.

ಪವರ್‌ಶೆಲ್ಲಿನಲ್ಲಿ ಈ ಸಾಲು ಹಾಗೇ ಓಡುವುದಿಲ್ಲ. ಅಲ್ಲಿ ಸ್ಟಾರ್ಟ್ ಎಂಬುದು ಸ್ಟಾರ್ಟ್-ಪ್ರೋಸೆಸ್ ಎಂಬ ಬೇರೆಯೇ ಕಮಾಂಡಿನ ಅಡ್ಡಹೆಸರು. ಖಾಲಿ ಉದ್ಧರಣವನ್ನು ಅದು ಫೈಲಿನ ಹೆಸರೆಂದು ತಿಳಿದು ಎರರ್ ಕೊಡುತ್ತದೆ. ಪವರ್‌ಶೆಲ್ಲಿನಲ್ಲಿ ಉದ್ಧರಣದೊಳಗಿನ ಪಾತ್ ಓಡಬೇಕಾದರೆ ಮುಂದೆ ಆಂಪರ್ಸಂಡ್ ಇರಬೇಕು:

& "ಸಿ:\ಸಿಗ್ವಿನ್64\ಬಿನ್\ಮಿಂಟಿ.ಇಎಕ್ಸ್ಇ" '-'

ಈಗಿರುವ ಫೋಲ್ಡರಿನಲ್ಲೇ ತೆರೆಯಬೇಕೆಂದರೆ

ಸ್ಟಾರ್ಟ್‌ಗೆ /ಡಿ ಕೊಟ್ಟರೂ, ಮೊದಲೇ ಸಿಡಿ ಮಾಡಿದ್ದರೂ, ಮಿಂಟಿ ತೆರೆದಾಗ ನೀವು ಹೋಮ್ ಫೋಲ್ಡರಿನಲ್ಲೇ ಇರುತ್ತೀರಿ. ತಪ್ಪು ಸ್ಟಾರ್ಟ್‌ನದಲ್ಲ. ಲಾಗಿನ್ ಶೆಲ್ ಓದುವ ಅದೇ /ಇಟಿಸಿ/ಪ್ರೊಫೈಲ್ ಫೈಲಿನ ಕೊನೆಗೆ "ಹೋಮಿಗೆ ಹೋಗು" ಎಂಬ ಸಾಲು ಇದೆ. ಪಾತ್ ಬೇಕೆಂದು ಲಾಗಿನ್ ಶೆಲ್ ಕೇಳಿದಿರಿ, ಅದರ ಜೊತೆಗೆ ಇದೂ ಬಂತು.

ಆದರೆ ಆ ಫೈಲು ಹೋಮಿಗೆ ಹೋಗುವ ಮುನ್ನ ಒಂದು ವೇರಿಯಬಲ್ ಇದೆಯೇ ಎಂದು ನೋಡುತ್ತದೆ. ಅದರ ಹೆಸರು ಸಿಹಿಯರ್_ಇನ್ವೋಕಿಂಗ್. ಅಕ್ಷರಗಳು: ಸಿ, ಎಚ್, ಇ, ಆರ್, ಇ, ಅಂಡರ್‌ಸ್ಕೋರ್, ಐ, ಎನ್, ವಿ, ಒ, ಕೆ, ಐ, ಎನ್, ಜಿ; ಎಲ್ಲವೂ ದೊಡ್ಡಕ್ಷರ. ಇದಕ್ಕೆ ಏನಾದರೊಂದು ಬೆಲೆ ಕೊಟ್ಟಿದ್ದರೆ ಶೆಲ್ ಇದ್ದಲ್ಲೇ ಇರುತ್ತದೆ:

ಸೆಟ್ "ಸಿಹಿಯರ್_ಇನ್ವೋಕಿಂಗ್=1"
ಸ್ಟಾರ್ಟ್ "" ಸಿ:\ಸಿಗ್ವಿನ್64\ಬಿನ್\ಮಿಂಟಿ -

ಸೆಟ್ ಬರೆಯುವಾಗ ಇಡೀ ಜೋಡಿಯನ್ನು ಉದ್ಧರಣದೊಳಗೆ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಸಮ ಚಿಹ್ನೆಯ ಅಕ್ಕಪಕ್ಕ ಖಾಲಿ ಜಾಗ ಬಿಟ್ಟರೆ ಆ ಜಾಗವೂ ವೇರಿಯಬಲ್ಲಿನ ಹೆಸರಿಗೋ ಬೆಲೆಗೋ ಅಂಟಿಕೊಳ್ಳುತ್ತದೆ. ಒಂದೇ ಸಾಲಿನಲ್ಲಿ ಎರಡು ಕಮಾಂಡನ್ನು && ಹಾಕಿ ಜೋಡಿಸಿದಾಗಲೂ ಅದರ ಹಿಂದಿನ ಖಾಲಿ ಜಾಗ ಬೆಲೆಯ ಬಾಲವಾಗಿ ಹೋಗುತ್ತದೆ. ಇಲ್ಲಿ ಅದರಿಂದ ತೊಂದರೆಯಿಲ್ಲ, ಮುಂದೆ ಎಕ್ಸ್‌ಟರ್ಮ್ ಎಂಬ ಇನ್ನೊಂದು ಟರ್ಮಿನಲ್ಲಿನ ಹೊತ್ತಿಗೆ ಅದೇ ಜಾಗ ಕೆಲಸ ಕೆಡಿಸುತ್ತದೆ.

ತೆರೆದ ಮೇಲೆ ಪ್ರಾಂಪ್ಟಿನಲ್ಲಿ ಡಿ:\ಯೋಜನೆ ಬದಲು /ಸಿಗ್‌ಡ್ರೈವ್/ಡಿ/ಯೋಜನೆ ಎಂದು ಕಂಡರೆ ಗಾಬರಿ ಬೇಡ. ಅದೇ ಫೋಲ್ಡರು, ಸಿಗ್ವಿನ್ ಅದನ್ನು ಕರೆಯುವ ರೀತಿ ಅದು. ಗಿಟ್ ಬ್ಯಾಶಿನಲ್ಲಿ /ಡಿ/ಯೋಜನೆ, ಡಬ್ಲ್ಯುಎಸ್‌ಎಲ್‌ನಲ್ಲಿ /ಎಂಎನ್‌ಟಿ/ಡಿ/ಯೋಜನೆ.

ಒಂದು ಕಮಾಂಡ್ ಓಡಿಸಿ ಉತ್ತರ ಓದುವಷ್ಟು ಹೊತ್ತು ವಿಂಡೋ ನಿಲ್ಲಿಸುವುದು

ಹೈಫನ್ ಇರುವ ಜಾಗದಲ್ಲಿ ಬೇರೆ ಪ್ರೋಗ್ರಾಮಿನ ಹೆಸರು ಕೊಟ್ಟರೆ ಮಿಂಟಿ ಶೆಲ್ ಬದಲು ಅದನ್ನೇ ಓಡಿಸುತ್ತದೆ. ಪ್ರೋಗ್ರಾಮ್ ಮುಗಿದಾಗ ವಿಂಡೋವೂ ಮುಚ್ಚುತ್ತದೆ. ಅರ್ಧ ಸೆಕೆಂಡಿನಲ್ಲಿ ಮುಗಿಯುವ ಕಮಾಂಡಾದರೆ ಕಣ್ಣಿಗೆ ಕಾಣುವುದು ಒಂದು ಮಿಂಚು ಮಾತ್ರ. ಹೋಲ್ಡ್ ಆಯ್ಕೆ ಇರುವುದು ಇದಕ್ಕೆ:

ಸಿ:\ಸಿಗ್ವಿನ್64\ಬಿನ್\ಮಿಂಟಿ -ಎಚ್ ಆಲ್ವೇಸ್ /ಬಿನ್/ಬ್ಯಾಶ್ -ಎಲ್‌ಸಿ "ಡಿಎಫ್ -ಎಚ್ | ಸಾರ್ಟ್"

ಮಿಂಟಿಯ ಪಕ್ಕದ "-ಎಚ್ ಆಲ್ವೇಸ್" ಎಂದರೆ ಕೆಲಸ ಮುಗಿದರೂ ವಿಂಡೋ ಇರಲಿ ಎಂದು. ಅದರ ಬದಲು "-ಎಚ್ ಎರರ್" ಕೊಟ್ಟರೆ ಪ್ರೋಗ್ರಾಮ್ ವಿಫಲವಾದಾಗ ಮಾತ್ರ ವಿಂಡೋ ಉಳಿಯುತ್ತದೆ. ದಿನವೂ ತಾನಾಗಿ ಓಡುವ ಕೆಲಸಗಳಿಗೆ ಎರಡನೆಯದೇ ಹೆಚ್ಚು ಅನುಕೂಲ: ಸರಿಯಾದರೆ ಸದ್ದಿಲ್ಲದೆ ಮುಚ್ಚುತ್ತದೆ, ಕೆಟ್ಟರೆ ಸಂದೇಶ ಹಿಡಿದುಕೊಂಡು ನಿಂತಿರುತ್ತದೆ. ಹೊಸ ಕಮಾಂಡ್ ಪರೀಕ್ಷಿಸುವಾಗ ಮಾತ್ರ ಆಲ್ವೇಸ್ ಇಟ್ಟುಕೊಳ್ಳಿ.

ಬ್ಯಾಶ್ ಪಕ್ಕದ ಎಲ್ ಅಕ್ಷರ ಲಾಗಿನ್ ಶೆಲ್ಲಿಗೆ, ಸಿ ಅಕ್ಷರ ಮುಂದಿನ ಉದ್ಧರಣವನ್ನು ಕಮಾಂಡಾಗಿ ಓಡಿಸಲಿಕ್ಕೆ. ಎಲ್ ಬಿಟ್ಟರೆ ಮತ್ತದೇ "ಕಮಾಂಡ್ ನಾಟ್ ಫೌಂಡ್". ಎಲ್ ಇದ್ದರೆ ಶೆಲ್ ಹೋಮಿಗೆ ಹೋಗುತ್ತದೆ, ಆದ್ದರಿಂದ ಫೋಲ್ಡರ್ ಮುಖ್ಯವಾದ ಕೆಲಸಕ್ಕೆ ಹಿಂದೆ ಹೇಳಿದ ವೇರಿಯಬಲ್ ಇಲ್ಲೂ ಬೇಕು.

ಈ ಸಾಲನ್ನು ಇಬ್ಬರು ಓದುತ್ತಾರೆ: ಮೊದಲು ಕಮಾಂಡ್ ಪ್ರಾಂಪ್ಟ್, ಆಮೇಲೆ ಬ್ಯಾಶ್. ಇಬ್ಬರ ವ್ಯಾಕರಣ ಬೇರೆ. ಕಮಾಂಡ್ ಪ್ರಾಂಪ್ಟಿಗೆ ಒಂಟಿ ಉದ್ಧರಣ ಚಿಹ್ನೆಯ ಗುರುತೇ ಇಲ್ಲ. ಬ್ಯಾಶ್ ಅಭ್ಯಾಸದಲ್ಲಿ 'ಡಿಎಫ್ -ಎಚ್ | ಸಾರ್ಟ್' ಎಂದು ಒಂಟಿ ಉದ್ಧರಣ ಹಾಕಿದರೆ ನಡುವಿನ ನೆಟ್ಟಗೆರೆಯನ್ನು ಪ್ರಾಂಪ್ಟೇ ಹಿಡಿದು, ಸಾಲನ್ನು ಅಲ್ಲಿಗೆ ಕತ್ತರಿಸಿ, ಬಾಲವನ್ನು ವಿಂಡೋಸಿನ ಸಾರ್ಟಿಗೆ ಒಪ್ಪಿಸಿಬಿಡುತ್ತದೆ. ಆದ್ದರಿಂದ ಹೊರಗೆ ಯಾವಾಗಲೂ ಜೋಡಿ ಉದ್ಧರಣ. ಒಳಗೆ ಬ್ಯಾಶಿಗೆ ಉದ್ಧರಣ ಬೇಕಾದರೆ ಅಲ್ಲಿ ಒಂಟಿಯದನ್ನು ಬಳಸಿ. ಬ್ಯಾಚ್ ಫೈಲಿನಲ್ಲಿ ಶೇಕಡಾ ಚಿಹ್ನೆಯನ್ನು ಎರಡು ಸಲ ಬರೆಯಬೇಕು: ಡೇಟ್ +%%ಎಫ್, ಎಫ್ ದೊಡ್ಡಕ್ಷರ. ಪ್ರಾಂಪ್ಟಿನಲ್ಲಿ ಕೈಯಿಂದ ಒತ್ತುವಾಗ ಒಂದೇ ಸಾಕು.

ವಿಂಡೋಸ್ ಪಾತನ್ನು ಬ್ಯಾಶ್ ಕಮಾಂಡಿನೊಳಗೆ ಹಾಗೇ ಸೇರಿಸಬೇಡಿ. ಹಿಂದಕ್ಕೆ ಬಾಗಿದ ಓರೆಗೆರೆಯನ್ನು ಬ್ಯಾಶ್ ನುಂಗುತ್ತದೆ. ಡಿ:\ಯೋಜನೆ ಹೋಗಿ ಡಿ:ಯೋಜನೆ ಆಗುತ್ತದೆ. ಸಿಗ್‌ಪಾತ್ ಎಂಬ ಪ್ರೋಗ್ರಾಮಿಗೆ -ಯು ಕೊಟ್ಟು, ಪಾತನ್ನು ಒಂಟಿ ಉದ್ಧರಣದಲ್ಲಿಟ್ಟರೆ ಯುನಿಕ್ಸ್ ರೂಪ ಕೊಡುತ್ತದೆ. ಉಲ್ಟಾ ಬೇಕಾದರೆ -ಡಬ್ಲ್ಯು.

ಎಕ್ಸ್‌ಟರ್ಮ್ ಬೇಕೆನ್ನುವವರಿಗೆ

ದಿನನಿತ್ಯದ ಕೆಲಸಕ್ಕೆ ಮಿಂಟಿ ಸಾಕು, ಅದಕ್ಕಿಂತ ಹಗುರವಾದದ್ದು ಇಲ್ಲಿ ಬೇರೊಂದಿಲ್ಲ. ಎಕ್ಸ್‌ಟರ್ಮ್ ಬೇಕಾಗುವುದು ಎಕ್ಸ್ ವಿಂಡೋ (ಯುನಿಕ್ಸಿನ ಗ್ರಾಫಿಕಲ್ ವ್ಯವಸ್ಥೆ) ಪ್ರೋಗ್ರಾಮುಗಳ ಜೊತೆ ಕೆಲಸ ಮಾಡುವವರಿಗೆ. ಎಕ್ಸ್‌ಟರ್ಮ್ ಪರದೆಯ ಮೇಲೆ ತಾನಾಗಿ ಏನನ್ನೂ ಬಿಡಿಸದು. ಎಕ್ಸ್ ಸರ್ವರ್ ಎಂಬ ಇನ್ನೊಂದು ಪ್ರೋಗ್ರಾಮಿಗೆ ಹೇಳಿ ಬಿಡಿಸಿಸುತ್ತದೆ. ಹಾಗಾಗಿ ಮೊದಲು ಸರ್ವರ್, ಆಮೇಲೆ ಎಕ್ಸ್‌ಟರ್ಮ್.

ಸಿಗ್ವಿನ್ನಿನ ಸೆಟಪ್ ಪ್ರೋಗ್ರಾಮಿನಲ್ಲಿ ಮೂರು ಪ್ಯಾಕೇಜ್ ಆರಿಸಿಕೊಳ್ಳಿ: ಎಕ್ಸ್‌ಆರ್ಗ್-ಸರ್ವರ್, ಎಕ್ಸ್‌ಇನಿಟ್, ಎಕ್ಸ್‌ಟರ್ಮ್. ಮೊದಲನೆಯ ಹೆಸರನ್ನು ಎಕ್ಸ್, ಒ, ಆರ್, ಜಿ ಎಂದು ಬರೆಯಬೇಕು. ನಂತರ ಸರ್ವರ್ ಶುರು ಮಾಡಿ:

ಸಿ:\ಸಿಗ್ವಿನ್64\ಬಿನ್\ರನ್ --ಕೋಟ್ /ಯುಎಸ್ಆರ್/ಬಿನ್/ಬ್ಯಾಶ್.ಇಎಕ್ಸ್ಇ -ಎಲ್ -ಸಿ "ಸಿಡಿ; ಎಕ್ಸೆಕ್ /ಯುಎಸ್ಆರ್/ಬಿನ್/ಸ್ಟಾರ್ಟ್‌ಎಕ್ಸ್‌ವಿನ್"

ಎಕ್ಸೆಕ್ ಬರೆಯುವುದು ಇ, ಎಕ್ಸ್, ಇ, ಸಿ ಎಂಬ ನಾಲ್ಕಕ್ಷರ. ರನ್ ಇಲ್ಲಿ ಮಾಡುವ ಕೆಲಸ ಹಿಂದೆ ಸುಮ್ಮನೆ ತೆರೆದುಕೊಳ್ಳುವ ಕಪ್ಪು ಕನ್ಸೋಲನ್ನು ಮರೆಮಾಡುವುದು. ಗಡಿಯಾರದ ಪಕ್ಕ ಎಕ್ಸ್ ಗುರುತಿನ ಐಕಾನ್ ಬಂದರೆ ಸರ್ವರ್ ಎದ್ದಿದೆ ಎಂದರ್ಥ. ಈಗ ಎಕ್ಸ್‌ಟರ್ಮ್:

ಸಿ:\ಸಿಗ್ವಿನ್64\ಬಿನ್\ರನ್ --ಕೋಟ್ /ಯುಎಸ್ಆರ್/ಬಿನ್/ಬ್ಯಾಶ್.ಇಎಕ್ಸ್ಇ -ಎಲ್ -ಸಿ "ಡಿಸ್‌ಪ್ಲೇ=:0 ಎಕ್ಸೆಕ್ ಎಕ್ಸ್‌ಟರ್ಮ್ -ಎಲ್‌ಎಸ್ -ಜಿಯೋಮೆಟ್ರಿ 100ಎಕ್ಸ್30"

ಡಿಸ್‌ಪ್ಲೇ ಎಲ್ಲ ದೊಡ್ಡಕ್ಷರ. ಸಮ ಚಿಹ್ನೆಯ ನಂತರ ಕೋಲನ್, ಸೊನ್ನೆ. ಮೊದಲ ಸರ್ವರಿನ ಸಂಖ್ಯೆ ಸೊನ್ನೆ. ಎಲ್‌ಎಸ್ ಇಲ್ಲಿ ಫೈಲ್ ಪಟ್ಟಿ ಮಾಡುವ ಕಮಾಂಡಲ್ಲ, ಲಾಗಿನ್ ಶೆಲ್ ಎಂಬುದರ ಸಂಕ್ಷೇಪ. ಮಿಂಟಿಯ ಹೈಫನ್ ಮಾಡಿದ ಕೆಲಸವನ್ನೇ ಇದು ಮಾಡುತ್ತದೆ. ವಿಂಡೋ ನಿಲ್ಲಿಸಲು ಎಕ್ಸ್‌ಟರ್ಮಿಗೆ -ಹೋಲ್ಡ್ ಆಯ್ಕೆ ಇದೆ, ಮುಂದೆ ಏನನ್ನೂ ಬರೆಯಬೇಕಿಲ್ಲ.

ಇಲ್ಲಿ ಬರುವ ಎರರ್ ಹೆಚ್ಚುಕಡಿಮೆ ಯಾವಾಗಲೂ "ಕಾಂಟ್ ಓಪನ್ ಡಿಸ್‌ಪ್ಲೇ" ಎಂಬುದೇ. ರನ್ ಕನ್ಸೋಲನ್ನು ಮುಚ್ಚಿಟ್ಟಿರುವುದರಿಂದ ಆ ಸಂದೇಶವೂ ಕಾಣದು, ಏನೂ ಆಗಲಿಲ್ಲ ಎನಿಸುತ್ತದೆ. ಅಂಥ ಹೊತ್ತಿನಲ್ಲಿ ಮಿಂಟಿಯನ್ನು ತೆರೆದು, ಉದ್ಧರಣದೊಳಗಿನ ಭಾಗವನ್ನು ಎಕ್ಸೆಕ್ ಬಿಟ್ಟು ಅಲ್ಲಿ ಓಡಿಸಿ, ಸಂದೇಶ ಓದಿ. ಕಾರಣ ಇವುಗಳಲ್ಲಿ ಒಂದಾಗಿರುತ್ತದೆ.

ಸರ್ವರ್ ಇನ್ನೂ ಏಳುತ್ತಿದೆ. ಎರಡೂ ಸಾಲನ್ನು ಒಂದೇ ಬ್ಯಾಚ್ ಫೈಲಿನಲ್ಲಿ ಬೆನ್ನುಬೆನ್ನಿಗೆ ಹಾಕಿದರೆ ಎಕ್ಸ್‌ಟರ್ಮ್ ಮುಂಚೆ ಹೋಗಿ ಬಾಗಿಲು ತಟ್ಟಿ ವಾಪಸಾಗುತ್ತದೆ. ನಡುವೆ "ಟೈಮ್‌ಔಟ್ /ಟಿ 5" ಎಂಬ ಸಾಲು ಇರಲಿ.

ಡಿಸ್‌ಪ್ಲೇ ಬೆಲೆಯ ಕೊನೆಗೆ ಖಾಲಿ ಜಾಗ ಸೇರಿದೆ. ಬ್ಯಾಶಿನೊಳಗೆ ಹೇಳದೆ ವಿಂಡೋಸಿನ ಸೆಟ್ ಬಳಸಿದವರಿಗೆ ಆಗುವುದು ಇದು. ಕಣ್ಣಿಗೆ ಕಾಣದ ಆ ಒಂದು ಜಾಗ ಸಾಕು, ಸರ್ವರ್ ಸಿಗುವುದಿಲ್ಲ.

ಹಳೆಯ ಮಾರ್ಗದರ್ಶಿ ನೋಡಿ 127.0.0.1:0.0 ಎಂದು ಬರೆದಿದ್ದೀರಿ. ಇತ್ತೀಚಿನ ಎಕ್ಸ್ ಸರ್ವರ್ ನೆಟ್‌ವರ್ಕಿನ ಮೂಲಕ ಬರುವ ಕರೆಗೆ ತಾನಾಗಿ ಓಗೊಡದು, ಅದೇ ಯಂತ್ರದಿಂದ ಬಂದರೂ ಅಷ್ಟೇ. ಬರೀ :0 ಎಂದರೆ ಯುನಿಕ್ಸ್ ಸಾಕೆಟ್ ಮೂಲಕ ಹೋಗುತ್ತದೆ, ಅದು ಸರಿ. ನೆಟ್‌ವರ್ಕ್ ಬೇಕೇ ಬೇಕು ಎಂದಾದರೆ ಸ್ಟಾರ್ಟ್‌ಎಕ್ಸ್‌ವಿನ್ ಮುಂದೆ "-- -ಲಿಸನ್ ಟಿಸಿಪಿ" ಸೇರಿಸಬೇಕು. ಆಗ 6000ನೇ ಪೋರ್ಟ್ ತೆರೆದುಕೊಳ್ಳುತ್ತದೆ. ಎಕ್ಸ್ ಸರ್ವರಿಗೆ ತಲುಪಿದ ಪ್ರೋಗ್ರಾಮ್ ನೀವು ಒತ್ತುವ ಕೀಗಳನ್ನು ಓದಬಲ್ಲದು. ಆದ್ದರಿಂದ ದೂರದ ಯಂತ್ರದ ಪ್ರೋಗ್ರಾಮುಗಳಿಗೆ ಪೋರ್ಟ್ ತೆರೆಯುವ ಬದಲು ಎಸ್‌ಎಸ್‌ಎಚ್‌ಗೆ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸೇರುವ ಪ್ರೋಗ್ರಾಮ್) -ವೈ ಆಯ್ಕೆ ಕೊಟ್ಟು ಅದರ ಮೂಲಕವೇ ತನ್ನಿ, ವೈ ದೊಡ್ಡಕ್ಷರ.

ಸರ್ವರ್ ಎದ್ದು ತಕ್ಷಣ ಮಲಗಿತು. ಹೋಮ್ ಫೋಲ್ಡರಿನಲ್ಲಿ .ಸ್ಟಾರ್ಟ್‌ಎಕ್ಸ್‌ವಿನ್‌ಆರ್‌ಸಿ ಎಂಬ ಫೈಲ್ ಇದೆಯೇ ನೋಡಿ. ಆ ಫೈಲಿನ ಕಮಾಂಡುಗಳು ಮುಗಿದರೆ ಸರ್ವರೂ ಮುಗಿಯುತ್ತದೆ. ಕೊನೆಯ ಸಾಲಾಗಿ "ಎಕ್ಸೆಕ್ ಸ್ಲೀಪ್ ಇನ್ಫಿನಿಟಿ" ಇರಲಿ.

ಗಿಟ್ ಬ್ಯಾಶ್, ಎಂಎಸ್‌ವೈಎಸ್2

ಗಿಟ್ ಬ್ಯಾಶಿನಲ್ಲಿ ಗೋಜಲು ಕಡಿಮೆ:

ಸ್ಟಾರ್ಟ್ "" "ಸಿ:\ಪ್ರೋಗ್ರಾಮ್ ಫೈಲ್ಸ್\ಗಿಟ್\ಗಿಟ್-ಬ್ಯಾಶ್.ಇಎಕ್ಸ್ಇ" --ಸಿಡಿ="ಡಿ:\ಯೋಜನೆ"

ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಬಿಡಬೇಡಿ. ಓರೆಗೆರೆ ಪಕ್ಕ ಉದ್ಧರಣ ಬಂದರೆ ಅದು ಮುಚ್ಚುವ ಉದ್ಧರಣ ಅಲ್ಲ, ಹೆಸರಿನದೇ ಅಕ್ಷರ ಎಂದು ಪ್ರೋಗ್ರಾಮ್ ಓದುತ್ತದೆ, ಫೋಲ್ಡರ್ ಸಿಗುವುದಿಲ್ಲ.

ಎಂಎಸ್‌ವೈಎಸ್2 ಜೊತೆಗೆ ಇದೇ ಕೆಲಸಕ್ಕೆಂದು ಬರೆದ ಬ್ಯಾಚ್ ಫೈಲೇ ಬರುತ್ತದೆ:

ಸಿ:\ಎಂಎಸ್‌ವೈಎಸ್64\ಎಂಎಸ್‌ವೈಎಸ್2_ಶೆಲ್.ಸಿಎಂಡಿ -ಯುಸಿಆರ್‌ಟಿ64 -ಹಿಯರ್

ಹಿಯರ್ ಎಂದರೆ ಈಗಿನ ಫೋಲ್ಡರಿನಲ್ಲೇ ತೆರೆ ಎಂದು. ಹೊಸ ವಿಂಡೋ ಬೇಡ, ಇದೇ ಪ್ರಾಂಪ್ಟಿನೊಳಗೆ ಶೆಲ್ ಬೇಕು ಎಂದರೆ "-ಡೆಫ್‌ಟರ್ಮ್ -ನೋ-ಸ್ಟಾರ್ಟ್" ಸೇರಿಸಿ. ಯುಸಿಆರ್‌ಟಿ64, ಮಿಂಗ್‌ಡಬ್ಲ್ಯು64, ಎಂಎಸ್‌ವೈಎಸ್ ಎಂಬ ಎನ್ವಿರಾನ್ಮೆಂಟುಗಳಲ್ಲಿ ಯಾವುದು ಎಂದು ಹೇಳುವುದು ಮುಖ್ಯ. ಕಂಪೈಲರ್ ಒಂದರಲ್ಲಿ ಇನ್‌ಸ್ಟಾಲ್ ಮಾಡಿ ಇನ್ನೊಂದನ್ನು ತೆರೆದರೆ ಜಿಸಿಸಿ ಇಲ್ಲ ಎನ್ನುತ್ತದೆ.

ಸಿಗ್ವಿನ್, ಎಂಎಸ್‌ವೈಎಸ್2, ಗಿಟ್ ಬ್ಯಾಶ್ ಮೂರೂ ಒಂದೇ ಯಂತ್ರದಲ್ಲಿ ಇರಬಹುದು, ಒಂದರ ಬಿನ್ ಫೋಲ್ಡರ್ ಇನ್ನೊಂದರ ಪಾತಿಗೆ ನುಗ್ಗಬಾರದು. ಸಿಗ್ವಿನ್1.ಡಿಎಲ್‌ಎಲ್ ಫೈಲಿನ ಎರಡು ಬೇರೆ ಆವೃತ್ತಿ ಎದುರುಬದುರಾದರೆ "ಸಿಗ್‌ಹೀಪ್ ಬೇಸ್ ಮಿಸ್‌ಮ್ಯಾಚ್" ಎಂಬ ಸಂದೇಶ ಕೊಟ್ಟು ಪ್ರೋಗ್ರಾಮುಗಳು ಬೀಳುತ್ತವೆ.

ಡಬ್ಲ್ಯುಎಸ್‌ಎಲ್ ಮತ್ತು ವಿಂಡೋಸ್ ಟರ್ಮಿನಲ್

ಡಬ್ಲ್ಯುಎಸ್‌ಎಲ್ ಇಲ್ಲದಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪ್ರಾಂಪ್ಟಿನಲ್ಲಿ "ಡಬ್ಲ್ಯುಎಸ್‌ಎಲ್ --ಇನ್‌ಸ್ಟಾಲ್" ಸಾಕು, ಆಮೇಲೆ ಒಮ್ಮೆ ರೀಸ್ಟಾರ್ಟ್. ಇದು ವಿಂಡೋಸ್ 10ರ 2004 ಆವೃತ್ತಿ, ಅಂದರೆ 19041ನೇ ಬಿಲ್ಡ್‌ನಿಂದ ಮೇಲಕ್ಕೆ ಮತ್ತು ವಿಂಡೋಸ್ 11ರಲ್ಲಿ ನಡೆಯುತ್ತದೆ.

ಬರೀ "ಡಬ್ಲ್ಯುಎಸ್‌ಎಲ್" ಎಂದರೆ ಹೊಸ ವಿಂಡೋ ಬರುವುದಿಲ್ಲ, ಇದ್ದ ಪ್ರಾಂಪ್ಟೇ ಲಿನಕ್ಸ್ ಶೆಲ್ ಆಗುತ್ತದೆ, ಅದೂ ಈಗಿನ ಫೋಲ್ಡರಿನಲ್ಲಿ. ಸಿಗ್ವಿನ್ನಿನ ಅಭ್ಯಾಸ ಇದ್ದವರಿಗೆ ಇದು ತಿರುವುಮುರುವು: ಇಲ್ಲಿ ಹೋಮ್ ಬೇಕಿದ್ದರೆ ಕೇಳಬೇಕು. ಹೊಸ ವಿಂಡೋ, ಹೋಮ್ ಫೋಲ್ಡರ್ ಎರಡೂ ಬೇಕಿದ್ದರೆ:

ಸ್ಟಾರ್ಟ್ "" ಡಬ್ಲ್ಯುಎಸ್‌ಎಲ್ ~

ಒಂದಕ್ಕಿಂತ ಹೆಚ್ಚು ಲಿನಕ್ಸ್ ಇದ್ದರೆ "ಡಬ್ಲ್ಯುಎಸ್‌ಎಲ್ -ಎಲ್ -ವಿ" ಪಟ್ಟಿ ಕೊಡುತ್ತದೆ. ಅಲ್ಲಿ ಕಂಡ ಹೆಸರನ್ನೇ -ಡಿ ಮುಂದೆ ಬರೆಯಿರಿ. /ಎಂಎನ್‌ಟಿ/ಡಿ ಕೆಳಗಿನ ಫೈಲುಗಳ ಮೇಲೆ ಎರಡನೇ ಆವೃತ್ತಿ ನಿಧಾನ, ಪ್ರತಿ ಫೈಲಿಗೂ ಎರಡು ವ್ಯವಸ್ಥೆಗಳ ಗಡಿ ದಾಟಬೇಕು. ಸಾವಿರಾರು ಸಣ್ಣ ಫೈಲಿರುವ ಯೋಜನೆಯನ್ನು ಲಿನಕ್ಸ್ ಹೋಮಿನೊಳಗೇ ಇಟ್ಟುಕೊಳ್ಳುವುದು ಮೇಲು.

ವಿಂಡೋಸ್ ಟರ್ಮಿನಲ್ ಇದ್ದರೆ ಅದರ ಕಮಾಂಡ್ ಡಬ್ಲ್ಯು, ಟಿ ಎಂಬ ಎರಡಕ್ಷರ:

ಡಬ್ಲ್ಯುಟಿ -ಡಬ್ಲ್ಯು 0 ನ್ಯೂ-ಟ್ಯಾಬ್ -ಪಿ "ಉಬುಂಟು"
ಡಬ್ಲ್ಯುಟಿ -ಡಿ ಡಿ:\ಯೋಜನೆ ಡಬ್ಲ್ಯುಎಸ್‌ಎಲ್ ; ಸ್ಪ್ಲಿಟ್-ಪೇನ್ -ಪಿ "ಕಮಾಂಡ್ ಪ್ರಾಂಪ್ಟ್"

ಮೊದಲನೆಯದು ಆಗಲೇ ತೆರೆದಿರುವ ವಿಂಡೋದಲ್ಲಿ ಹೊಸ ಟ್ಯಾಬ್ ಕೊಡುತ್ತದೆ. ಎರಡನೆಯದು ಒಂದೇ ವಿಂಡೋವನ್ನು ಎರಡು ಭಾಗ ಮಾಡುತ್ತದೆ. ಪವರ್‌ಶೆಲ್ಲಿನಲ್ಲಿ ಅರ್ಧವಿರಾಮವನ್ನು ಪವರ್‌ಶೆಲ್ಲೇ ಹಿಡಿದುಕೊಳ್ಳುತ್ತದೆ, ಅದರ ಹಿಂದೆ ` ಚಿಹ್ನೆ ಹಾಕಬೇಕು.

ಎಲ್ಲವನ್ನೂ ಒಂದೇ ಅಕ್ಷರಕ್ಕೆ ಇಳಿಸುವುದು

ದಿನಕ್ಕೆ ಹತ್ತು ಸಲ ಬೇಕಾಗುವ ಸಾಲನ್ನು ಬ್ಯಾಚ್ ಫೈಲಾಗಿ ಇಟ್ಟುಕೊಳ್ಳಿ. ಪಾತಿನಲ್ಲಿರುವ ಯಾವುದಾದರೂ ಫೋಲ್ಡರಿನಲ್ಲಿ ಟಿ.ಬ್ಯಾಟ್ ಎಂಬ ಹೆಸರಿನಲ್ಲಿ ಹೀಗೆ ಬರೆಯಿರಿ:

@ಎಕೋ ಆಫ್
ಸೆಟ್‌ಲೋಕಲ್
ಇಫ್ ನಾಟ್ "%~1"=="" ಸಿಡಿ /ಡಿ "%~1" || ಎಕ್ಸಿಟ್ /ಬಿ 1
ಸೆಟ್ "ಸಿಹಿಯರ್_ಇನ್ವೋಕಿಂಗ್=1"
ಸ್ಟಾರ್ಟ್ "" ಸಿ:\ಸಿಗ್ವಿನ್64\ಬಿನ್\ಮಿಂಟಿ -

ಈಗ ಬರೀ "ಟಿ" ಎಂದರೆ ಇದ್ದ ಫೋಲ್ಡರಿನಲ್ಲಿ ಟರ್ಮಿನಲ್ ತೆರೆಯುತ್ತದೆ, "ಟಿ ಡಿ:\ಯೋಜನೆ" ಎಂದರೆ ಆ ಫೋಲ್ಡರಿನಲ್ಲಿ. ಫೋಲ್ಡರ್ ಇಲ್ಲದಿದ್ದರೆ ಎರರ್ ತೋರಿಸಿ ಅಲ್ಲೇ ನಿಲ್ಲುತ್ತದೆ. ಸೆಟ್‌ಲೋಕಲ್ ಇರುವುದರಿಂದ ಫೈಲ್ ಮುಗಿದ ಮೇಲೆ ನಿಮ್ಮ ಪ್ರಾಂಪ್ಟ್ ಮೊದಲಿದ್ದ ಫೋಲ್ಡರಿನಲ್ಲೇ ಇರುತ್ತದೆ, ವೇರಿಯಬಲ್ಲೂ ಹೊರಗೆ ಸೋರುವುದಿಲ್ಲ.

ಅಡ್ಮಿನಿಸ್ಟ್ರೇಟರ್ ಪ್ರಾಂಪ್ಟಿನಿಂದ "ಟಿ" ಒತ್ತಿದರೆ ತೆರೆಯುವ ಬ್ಯಾಶಿಗೂ ಅದೇ ಅಧಿಕಾರ ಹೋಗುತ್ತದೆ. ಆರ್‌ಎಂ -ಆರ್‌ಎಫ್ ಥರದ ಕಮಾಂಡ್ ಅಲ್ಲಿ ಸಿಸ್ಟಮ್ ಫೋಲ್ಡರುಗಳನ್ನೂ ಅಳಿಸಬಲ್ಲದು. ಬೇಕೆಂದೇ ತೆರೆಯದಿದ್ದರೆ ಸಾಮಾನ್ಯ ಪ್ರಾಂಪ್ಟಿನಿಂದಲೇ ಓಡಿಸಿ.

ಟರ್ಮಿನಲ್ ತೆರೆದ ಕೂಡಲೇ ಮೊದಲ ಸಾಲಿನಲ್ಲೇ "$'\ಆರ್': ಕಮಾಂಡ್ ನಾಟ್ ಫೌಂಡ್" ಎಂದು ಬಂದರೆ ಅದು ಈ ಬ್ಯಾಚ್ ಫೈಲಿನ ತಪ್ಪಲ್ಲ. ಹೋಮ್ ಫೋಲ್ಡರಿನ .ಬ್ಯಾಶ್‌ಆರ್‌ಸಿ ಅಥವಾ .ಬ್ಯಾಶ್_ಪ್ರೊಫೈಲ್ ಫೈಲನ್ನು ವಿಂಡೋಸ್ ಎಡಿಟರಿನಲ್ಲಿ ಸೇವ್ ಮಾಡಿದಾಗ ಪ್ರತಿ ಸಾಲಿನ ಕೊನೆಗೆ ಸೇರಿಕೊಂಡ ಹೆಚ್ಚುವರಿ ಗುರುತು ಅದು. ಸಿಗ್ವಿನ್ನಿನಲ್ಲಿ ಡಾಸ್2ಯುನಿಕ್ಸ್ ಪ್ಯಾಕೇಜ್ ಹಾಕಿಕೊಂಡು ಆ ಫೈಲುಗಳ ಮೇಲೆ ಒಮ್ಮೆ ಓಡಿಸಿ, ಟರ್ಮಿನಲ್ಲನ್ನು ಮುಚ್ಚಿ ಮತ್ತೆ ತೆರೆಯಿರಿ.